ಮಾಂಡವಿಯಲ್ಲಿ ಒಂದು ದಿನದ ಕಯಾಕ್ ಪ್ರಯಾಣ: ಯಾವ ದಿನ, ಎಲ್ಲಿಂದ ಎಲ್ಲಿಗೆ?

ಪರ್ವರಿಯ ಪಯಣಿಗ:
ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಆರು ವರ್ಷದಿಂದ ಗೋವಾದ ಪರ್ವರಿಯಲ್ಲಿದ್ದೇವೆ. ದಿನಾ ಅಟಲ್ ಸೇತುವೆ ದಾಟುವಾಗ ಕೆಳಗೆ ಮಾಂಡವಿ ನದಿ ಕಾಣುತ್ತದೆ. ಫೆರಿ ಬಿಟ್ಟರೆ ಒಂದು ದಿನವೂ ಆ ನೀರಿನ ಮೇಲೆ ಕೂತಿಲ್ಲ. ಈ ಸಲ ಹೋಗಲೇಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ.

ಒಟ್ಟು ಎಂಟು ಜನ. ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು (11 ಮತ್ತು 14 ವರ್ಷ), ತಮ್ಮ, ಅವನ ಹೆಂಡತಿ, ಮತ್ತೆ ಆಫೀಸಿನ ಇಬ್ಬರು ಗೆಳೆಯರು. ಮೂವರಿಗೆ ಈಜು ಬರುವುದಿಲ್ಲ. ನಾನು ಗಣೇಶಗುಡಿಯಲ್ಲಿ ಎರಡು ಸಲ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಓಡಿಸಿದ್ದೇನೆ, ಅಷ್ಟೇ ಅನುಭವ.

ಯೋಚನೆ ಹೀಗಿದೆ. ಸಂಕ್ರಾಂತಿ ಮುಗಿದ ಭಾನುವಾರ, 18ನೇ ತಾರೀಕು. ಬೆಳಿಗ್ಗೆ ಹತ್ತಕ್ಕೆ ರಿಬಂದರ್‌ನಿಂದ ಹೊರಟು ಚೊರಾವ್ ದ್ವೀಪ, ದಿವಾರ್ ದ್ವೀಪದ ಪಕ್ಕದಲ್ಲೇ ಸಾಗಿ, ಸಮಯ ಇದ್ದರೆ ಕುಂಭಾರಜುವೆ ಕಾಲುವೆ ಹೊಕ್ಕು ಬಾಣಸ್ತಾರಿ ಸೇತುವೆಯವರೆಗೆ. ಸಂಜೆ ಐದಕ್ಕೆ ಅದೇ ದಾರಿಯಲ್ಲಿ ವಾಪಸ್. ಸರಿಯಾ? ಏನಾದರೂ ತಪ್ಪಿದ್ದರೆ ಈಗಲೇ ಹೇಳಿಬಿಡಿ.

ವಾಸ್ಕೋ ಅಣ್ಣ:
ಹತ್ತಕ್ಕೆ ಹೊರಡೋದು ಬೇಡವೇ ಬೇಡ. ಏಳಕ್ಕೆ ನೀರಲ್ಲಿ ಇರಬೇಕು.

ಧಾರವಾಡ ಪೇಢೆ:
ಎಂಟು ಜನರನ್ನು ಏಳು ಗಂಟೆಗೆ ಹೊರಡಿಸೋದು ನದಿ ದಾಟೋದಕ್ಕಿಂತ ಕಷ್ಟ ಅಣ್ಣ. ಆದರೂ ನಿಮ್ಮ ಮಾತು ನಿಜ. ನಾವು ಕಳೆದ ವರ್ಷ ತಡವಾಗಿ ಹೊರಟು ಬಿಸಿಲಲ್ಲಿ ಬೆಂದು ಬಂದೆವು.

ಹುಟ್ಟು ಹಾಕುವವನು:
ಪಯಣಿಗ ಅವರೇ, 18 ಅಮಾವಾಸ್ಯೆ. ಅದನ್ನು ನೋಡಿದ್ರಾ?

ಮಾಂಡವಿ ನೋಡೋಕೆ ನದಿ, ಆದರೆ ಅದರ ನೀರು ಕೇಳೋದು ಸಮುದ್ರದ ಮಾತನ್ನು. ಅಳಿವೆಯಿಂದ, ಅಂದರೆ ನದಿ ಸಮುದ್ರ ಸೇರುವ ಜಾಗದಿಂದ, ಸುಮಾರು 50 ಕಿ.ಮೀ. ಒಳಗಿನವರೆಗೂ ಭರತ ಇಳಿತ ಇದೆ. ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ದಿನಕ್ಕೆ ಎರಡು ಸಲ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ, 2 ಮೀಟರ್ ಮುಟ್ಟುತ್ತದೆ. ಅಷ್ಟಮಿ ಆಸುಪಾಸಿಗೆ ಕಮ್ಮಿ.

ಈ ಏರಿಳಿತ ಒಂದೇ ಸಮ ಇರುವುದಿಲ್ಲ. ಒಟ್ಟು ನೀರನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ 1 ಪಾಲು, ಎರಡನೇ ಗಂಟೆಯಲ್ಲಿ 2, ಮೂರು ಮತ್ತು ನಾಲ್ಕನೇ ಗಂಟೆಗೆ ತಲಾ 3, ಆಮೇಲೆ 2, ಕೊನೆಗೆ 1. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ಓಡಾಡುತ್ತದೆ. ಹೊಸಬರು ಗಂಟೆಗೆ 4 ಕಿ.ಮೀ. ಹೋದರೆ ದೊಡ್ಡದು. ಎದುರಿಗೆ ಗಂಟೆಗೆ 3 ಕಿ.ಮೀ. ಹರಿವು ಸಿಕ್ಕಿತು ಅಂದುಕೊಳ್ಳಿ. ದಂಡೆಯ ಮರ ನೋಡುತ್ತಾ ಹುಟ್ಟು ಹಾಕಿ, ಹತ್ತು ನಿಮಿಷ ಆದರೂ ಆ ಮರ ಬಿಟ್ಟು 170 ಮೀಟರ್ ಕೂಡ ಮುಂದೆ ಹೋಗಿರುವುದಿಲ್ಲ.

ಅಮಾವಾಸ್ಯೆ ದಿನ ನಮ್ಮ ಕಡೆ ಭರತ ತುಂಬುವುದು ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ. ನೀವು ಹತ್ತಕ್ಕೆ ಹೊರಟರೆ ಮೇಲಕ್ಕೆ ಹೋಗಲು ಎರಡು ಗಂಟೆ ಕೂಡ ಸಹಾಯ ಸಿಗುವುದಿಲ್ಲ. ಬರುವಾಗ ಇಳಿತ ನಿಮ್ಮ ಕಡೆ ಇರುತ್ತದೆ, ಆದರೆ ಅಷ್ಟರಲ್ಲಿ ಸಮುದ್ರದ ಗಾಳಿ ಎದ್ದಿರುತ್ತದೆ. ಗಾಳಿ ಪಶ್ಚಿಮದಿಂದ ಒಳಗೆ, ನೀರು ಪೂರ್ವದಿಂದ ಹೊರಗೆ. ಎರಡೂ ಎದುರಾದ ಕಡೆ ನೀರು ಗಿಡ್ಡ ಗಿಡ್ಡ ಅಲೆಯಾಗಿ ಎದ್ದು ನಿಲ್ಲುತ್ತದೆ. ಈಜು ಬಾರದ ಮೂವರನ್ನು ಅದರಲ್ಲಿ ಕೂರಿಸಬೇಡಿ, ದಯವಿಟ್ಟು.

ಪರ್ವರಿಯ ಪಯಣಿಗ:
ಅಯ್ಯೋ, ಇದೆಲ್ಲ ಗೊತ್ತೇ ಇರಲಿಲ್ಲ. ಹಾಗಾದರೆ ಯಾವ ದಿನ ಒಳ್ಳೆಯದು?

ಸಾಖಳಿ ಸೈಕಲ್:
ಸುಮ್ನೆ ಹೆದರಿಸಬೇಡಿ ಸ್ವಾಮಿ. ಜನವರಿಯಲ್ಲಿ ಮಾಂಡವಿ ಶಾಂತವಾಗಿರುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡರೆ ಆಯಿತು. ನಾನು ನಾಲ್ಕು ಸಲ ಹೋಗಿದ್ದೇನೆ, ಒಮ್ಮೆಯೂ ಪಂಚಾಂಗ ನೋಡಿಲ್ಲ.

ಹುಟ್ಟು ಹಾಕುವವನು:
@ಸಾಖಳಿ ಸೈಕಲ್, ನಾಲ್ಕೂ ಸಲ ಬಾಡಿಗೆ ಕೊಡುವವರ ಜೊತೆ ಹೋಗಿದ್ದೀರಾ? ಹಾಗಾದರೆ ಪಂಚಾಂಗ ಅವರು ನೋಡಿರುತ್ತಾರೆ. ಸ್ವಂತವಾಗಿ ಹೋಗುವವರು ತಾವೇ ನೋಡಬೇಕು.

ಸಾಖಳಿ ಸೈಕಲ್:
ಹೌದು, ಅವರ ಜೊತೆಗೇ. ಸರಿ, ಒಪ್ಪಿದೆ. ಆದರೆ ಅಷ್ಟು ಹೆದರುವ ನದಿ ಅಲ್ಲ ಅಂತ ಈಗಲೂ ಹೇಳ್ತೀನಿ.

ಕಾರವಾರದ ಕಾಂಡ್ಲಾ:
ನಾನು ಹೆದರುವ ಪಕ್ಷ. ಯಾಕೆ ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ನಾನು, ಅಕ್ಕನ ಮಗಳು ಇಬ್ಬರೂ ಜೋಡಿ ಕಯಾಕ್ ಬಾಡಿಗೆಗೆ ತೆಗೆದುಕೊಂಡೆವು. ಊರು, ಅಂಗಡಿ ಹೆಸರು ಬೇಡ. ಕೊಟ್ಟ ಜಾಕೆಟ್‌ನ ಒಂದು ಬಕಲ್ ಮುರಿದಿತ್ತು, ಸೀಟಿ ಇರಲಿಲ್ಲ. ಇಳಿತ ಎಷ್ಟು ಗಂಟೆಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಹಳ್ಳದೊಳಗೆ ಹೋದೆವು. ನೆರಳು, ತಂಪು, ಸದ್ದೇ ಇಲ್ಲ. ಅಲ್ಲೇ ಕೂತು ಕಿತ್ತಳೆ ತಿಂದೆವು. ಹೊರಡೋಣ ಅಂತ ನೋಡಿದರೆ ಹಿಂದೆ ನೀರೇ ಇಲ್ಲ, ಹೊಳೆಯುವ ಕಪ್ಪು ಕೆಸರು.

ನಾನು ಕಾರವಾರದವಳು, ಕೆಸರು ಹೊಸದಲ್ಲ. ಇಳಿದು ಎಳೆಯೋಣ ಅಂತ ಒಂದು ಕಾಲು ಇಟ್ಟೆ. ಮೊಣಕಾಲು ಮುಳುಗಿತು. ಎತ್ತಲು ಇನ್ನೊಂದು ಕಾಲು ಊರಿದೆ, ಅದೂ ಹೋಯಿತು. ಚಪ್ಪಲಿ ಒಳಗೇ ಉಳಿಯಿತು. ಕೆಸರಿನ ಕೆಳಗೆ ಚಿಪ್ಪಿನ ಚೂರು, ಬ್ಲೇಡಿನ ಹಾಗೆ. ಅಂಗಾಲು ಎರಡು ಕಡೆ ಸೀಳಿತು. ಕೊನೆಗೆ ಕಯಾಕ್ ಮೇಲೆ ಹೊಟ್ಟೆ ಹಾಕಿ ಮಲಗಿ ಕಾಲು ಕಿತ್ತುಕೊಂಡೆ. ಆಮೇಲೆ ಮೂರು ಗಂಟೆ ಅಲ್ಲೇ ಕೂತಿದ್ದೆವು, ನೀರು ವಾಪಸ್ ಬರುವವರೆಗೆ. ಕುಡಿಯಲು ಅರ್ಧ ಬಾಟಲಿ ಇತ್ತು. ಹುಡುಗಿ ಅಳಲಿಲ್ಲ, ಆದರೆ ಮಾತಾಡುವುದನ್ನು ನಿಲ್ಲಿಸಿಬಿಟ್ಟಳು. ಅದು ನನಗೆ ಇನ್ನೂ ನೆನಪಿದೆ.

ಸಿಕ್ಕಿಬಿದ್ದರೆ ಇಳಿಯಬೇಡಿ. ಕಯಾಕ್‌ನಲ್ಲೇ ಕೂತು ಕಾಯಿರಿ. ಇಳಿತ ಶುರುವಾದ ಮೇಲೆ ಸಣ್ಣ ಹಳ್ಳಕ್ಕೆ ಹೋಗಲೇಬೇಡಿ.

ಧಾರವಾಡ ಪೇಢೆ:
ಓದಿ ಮೈ ಜುಮ್ ಅಂತು ಅಕ್ಕ. ಕಾಲು ವಾಸಿ ಆಯ್ತಾ?

ಕಾರವಾರದ ಕಾಂಡ್ಲಾ:
ಆಯ್ತು ತಮ್ಮ. ಟಿಟಿ ಇಂಜೆಕ್ಷನ್, ಹತ್ತು ದಿನ ಬ್ಯಾಂಡೇಜು. ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿ, ಬರೀ ಚಪ್ಪಲಿ ಬೇಡ.

ಪೋಂಡಾ ಮೇಷ್ಟ್ರು:
ಎಲ್ಲರೂ ನೀರಿನ ಬಗ್ಗೆ ಹೇಳಿದಿರಿ, ಮೊಸಳೆ ಬಗ್ಗೆ ಯಾರೂ ಹೇಳಲಿಲ್ಲ. ಕುಂಭಾರಜುವೆ ಕಾಲುವೆ ಮಾಂಡವಿಯನ್ನೂ ಜುವಾರಿಯನ್ನೂ ಕೂಡಿಸುತ್ತದೆ. ಉದ್ದ ಸುಮಾರು 15 ಕಿ.ಮೀ. ಅದರಲ್ಲಿ ಮೊಸಳೆಗಳು ಇವೆ. ಸಿಹಿನೀರಿನ ಜಾತಿಯವೇ, ಆದರೆ ಅಲ್ಲಿ ಉಪ್ಪು ನೀರಿಗೆ ಒಗ್ಗಿಕೊಂಡಿವೆ. ಚಳಿಗಾಲದಲ್ಲಿ ಇಳಿತದ ಹೊತ್ತಿಗೆ ಕೆಸರಿನ ದಂಡೆ ಮೇಲೆ ಬಿಸಿಲು ಕಾಯುತ್ತಾ ಮಲಗಿರುತ್ತವೆ. ದೋಣಿಯಲ್ಲಿ ಜನರನ್ನು ಕರೆದೊಯ್ದು ತೋರಿಸುವವರೂ ಇದ್ದಾರೆ.

ನಮ್ಮ ಸುತ್ತಲಿನ ಕೆಲವು ಊರುಗಳಲ್ಲಿ ಪುಷ್ಯ ಅಮಾವಾಸ್ಯೆಗೆ ಕೆಸರಿನಲ್ಲೇ ಮೊಸಳೆ ಮಾಡಿ ಪೂಜೆ ಮಾಡುತ್ತಾರೆ. ಮಾಂಗೆ ಥಾಪಣಿ ಅಂತ ಹೆಸರು. ಮಾಂಗೆ ಅಂದರೆ ಕೊಂಕಣಿಯಲ್ಲಿ ಮೊಸಳೆ. ಹೊಲದ ಬದು ಕಾಯುವವನು ಅಂತ ನಂಬಿಕೆ. ನಾನು ಒಮ್ಮೆ ಹೋಗಿ ನೋಡಿದ್ದೇನೆ. ಹಸಿ ಮಣ್ಣಿನ ಮೈ, ಬೆನ್ನ ತುಂಬ ಚುಚ್ಚಿದ ಚಿಪ್ಪು, ಮುಂದೆ ದೀಪ. ಪಯಣಿಗ ಅವರೇ, ನೀವು ಆರಿಸಿದ 18 ಅದೇ ಅಮಾವಾಸ್ಯೆ. ಆ ದಿನ ನೀರಿಗೆ ಇಳಿಯುವ ಬದಲು ಮಕ್ಕಳನ್ನು ಕರೆದುಕೊಂಡು ಅದನ್ನು ನೋಡಿ ಬನ್ನಿ. ಕಯಾಕ್ ಇನ್ನೊಂದು ದಿನ ಇರಲಿ.

ಸಾಖಳಿ ಸೈಕಲ್:
ಮೇಷ್ಟ್ರೇ, ಮೊಸಳೆ ಪಾಡಿಗೆ ಮೊಸಳೆ ಇರುತ್ತದೆ. ಮೀನು ಹಿಡಿಯುವವರು ದಿನಾ ಅಲ್ಲೇ ಓಡಾಡುತ್ತಾರೆ ಅಲ್ವಾ?

ಪೋಂಡಾ ಮೇಷ್ಟ್ರು:
ಓಡಾಡುತ್ತಾರೆ. ಅವರಿಗೆ ಯಾವ ದಂಡೆಯಲ್ಲಿ ಯಾವುದು ಮಲಗುತ್ತದೆ ಅಂತ ಗೊತ್ತು, ಹುಟ್ಟಿದಾಗಿನಿಂದ ನೋಡಿದ್ದಾರೆ. ಹನ್ನೊಂದು ವರ್ಷದ ಮಗುವನ್ನು ನೀರಿನಿಂದ ಒಂದು ಗೇಣು ಎತ್ತರದಲ್ಲಿ ಕೂರಿಸಿ, ಕಾಲು ಆಚೆ ಇಳಿಬಿಟ್ಟುಕೊಂಡು ಹೋಗುವುದು ಬೇರೆ ಮಾತು. ನಾನಂತೂ ನನ್ನ ಮೊಮ್ಮಗನನ್ನು ಕಳಿಸುವುದಿಲ್ಲ.

ವಾಸ್ಕೋ ಅಣ್ಣ:
ಮೇಷ್ಟ್ರು ಹೇಳಿದ್ದೇ ಸರಿ. ಕಾಲುವೆ ಬಿಡಿ. ನಾನು ಅದಿರು ಸಾಗಿಸುವ ದೊಡ್ಡ ದೋಣಿಯಲ್ಲಿ, ಬಾರ್ಜ್‌ನಲ್ಲಿ, ಹನ್ನೆರಡು ವರ್ಷ ಕೆಲಸ ಮಾಡಿದವನು. ಮಳೆಗಾಲದಲ್ಲಿ ಮಾಂಡವಿ ಅಳಿವೆಯಲ್ಲಿ ಮರಳು ದಿಬ್ಬ, ಅಲೆ. ಆಗ ಮುರಗಾಂವ್ ಬಂದರಿಗೆ ಹೋಗಲು ನಾವು ಅದೇ ಕಾಲುವೆ ಹಿಡಿಯುತ್ತಿದ್ದೆವು. ಕಾಲುವೆಗೆ ಎರಡೂ ಬಾಯಿಯಿಂದ ಭರತ ಬರುತ್ತದೆ, ಯಾವ ಕಡೆ ಎಳೆಯುತ್ತೆ ಅಂತ ಹೊಸಬರಿಗೆ ಅಂದಾಜು ಸಿಗಲ್ಲ.

ಇನ್ನೊಂದು ಮಾತು. ಬಾರ್ಜ್ ಕಂಡರೆ ನೀವೇ ದೂರ ಹೋಗಬೇಕು. ಸ್ಟೇರಿಂಗ್ ಹಿಡಿದವನು ಹಿಂಭಾಗದಲ್ಲಿ, ಎತ್ತರದಲ್ಲಿ ಇರುತ್ತಾನೆ. ಮುಂದಿನ ತುದಿಯ ಹತ್ತಿರ ಇರುವ ಸಣ್ಣ ಕಯಾಕ್ ಅವನಿಗೆ ಕಾಣುವುದೇ ಇಲ್ಲ. ಕಂಡರೂ ತುಂಬಿದ ಬಾರ್ಜ್ ಬ್ರೇಕ್ ಹಾಕಿದ ತಕ್ಷಣ ನಿಲ್ಲುವ ಬಸ್ಸಲ್ಲ. ನಡುನೀರಿಗೆ ಹೋಗಬೇಡಿ, ದಂಡೆ ಹಿಡಿದು ಹೋಗಿ. ಅಡ್ಡ ದಾಟುವಾಗ ಎಂಟೂ ಜನ ಒಟ್ಟಿಗೆ, ನೇರವಾಗಿ, ಬೇಗ. ಫೆರಿ ಹೊರಡುವ ಇಳಿಜಾರಿನ ಎದುರು ನಿಂತು ಫೋಟೋ ತೆಗೆಯಬೇಡಿ.

ಪುಣೆ ಕನ್ನಡತಿ:
ಸಣ್ಣ ಪ್ರಶ್ನೆ. ಕನೂ, ಕಯಾಕ್ ಎರಡೂ ಒಂದೇನಾ? ಫೆಬ್ರವರಿಯಲ್ಲಿ ಗೋವಾಕ್ಕೆ ಬರ್ತಿದ್ದೇವೆ, ಬುಕ್ ಮಾಡುವಾಗ ಎರಡೂ ಹೆಸರು ಕಾಣಿಸುತ್ತೆ.

ಕಾರವಾರದ ಕಾಂಡ್ಲಾ:
ಹುಟ್ಟು ನೋಡಿ, ಗೊತ್ತಾಗುತ್ತೆ. ಕಯಾಕ್‌ನ ಹುಟ್ಟಿಗೆ ಎರಡೂ ತುದಿಯಲ್ಲಿ ಹಲಗೆ, ಕಾಲು ಚಾಚಿ ಕೂರೋದು. ಕನೂದ ಹುಟ್ಟಿಗೆ ಒಂದೇ ತುದಿ, ದೋಣಿ ಮೇಲೆ ತೆರೆದಿರುತ್ತದೆ. ನಮ್ಮೂರ ಪಾತಿ ದೋಣಿ ಕನೂದ ಜಾತಿಗೇ ಸೇರಿದ್ದು. ಕೆಲವಕ್ಕೆ ಪಕ್ಕದಲ್ಲಿ ಉಲಂಡಿ ಕಟ್ಟಿರುತ್ತಾರೆ, ಮಗುಚದ ಹಾಗೆ. ಗೋವಾದಲ್ಲಿ ಬಾಡಿಗೆಗೆ ಸಿಗೋದು ಹೆಚ್ಚಾಗಿ ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್. ಹೊಸಬರಿಗೆ ಅದೇ ಒಳ್ಳೆಯದು. ಮಗುಚಿದರೂ ಒಳಗೆ ಸಿಕ್ಕಿಹಾಕಿಕೊಳ್ಳಲ್ಲ, ನೀರಿನಿಂದ ಮತ್ತೆ ಹತ್ತಬಹುದು.

ಹಕ್ಕಿ ನೋಟ:
ಚೊರಾವ್ ದ್ವೀಪದ ಪಶ್ಚಿಮ ತುದಿ ಸಲೀಂ ಅಲಿ ಪಕ್ಷಿಧಾಮ. 1.78 ಚದರ ಕಿ.ಮೀ., ಹೆಚ್ಚುಕಮ್ಮಿ ಪೂರಾ ಕಾಂಡ್ಲಾ ಕಾಡು. ಒಳಗಿನ ಹಳ್ಳಗಳಿಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ನುಗ್ಗಬೇಡಿ. ಹೊರಗಿನಿಂದಲೇ ಸಾಕಷ್ಟು ಕಾಣುತ್ತದೆ. ಬೆಳ್ಳಕ್ಕಿ, ಗರುಡ, ಮಿಂಚುಳ್ಳಿ. ಅದೃಷ್ಟ ಇದ್ದರೆ ನೀರುನಾಯಿ. ನೀರು ಇಳಿದಾಗ ಕೆಸರಿನ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳನ್ನು ಮಕ್ಕಳಿಗೆ ತೋರಿಸಿ. ರೆಕ್ಕೆಯನ್ನೇ ಕೈಯ ಹಾಗೆ ಊರಿಕೊಂಡು ನಡೆಯುತ್ತವೆ.

ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಬಿಡಿ. ಇದನ್ನು ಕೈ ಮುಗಿದು ಕೇಳ್ತಿದ್ದೇನೆ.

ಕುಮಟಾ ಕಡೆಯವಳು:
ದಿವಾರ್, ಚೊರಾವ್ ಸುತ್ತ ಬದು ಕಟ್ಟಿದ ಗದ್ದೆಗಳು ಕಾಣ್ತವೆ. ಇಲ್ಲಿ ಖಾಜನ್ ಅಂತಾರೆ. ಮೊದಲ ಸಲ ನೋಡಿದಾಗ ನನಗೆ ಅಘನಾಶಿನಿ ದಂಡೆಯ ನಮ್ಮ ಗಜನಿಯೇ ಇಲ್ಲಿಗೆ ಬಂದಿದೆ ಅನಿಸಿತು. ಅದೇ ಬದು, ಅದೇ ತೂಬು, ಮಳೆಗಾಲದಲ್ಲಿ ಭತ್ತ, ಆಮೇಲೆ ಸಿಗಡಿ, ಮೀನು. ನಮ್ಮಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಎರಡೂ ಉಪ್ಪು ತಡೆಯುವ ತಳಿ. ಅಜ್ಜಿ ಕಗ್ಗದ ಅಕ್ಕಿಯ ಗಂಜಿ ಮಾಡುತ್ತಿದ್ದಳು, ಕೆಂಪಗೆ, ಪಕ್ಕದಲ್ಲಿ ಸುಟ್ಟ ಒಣಮೀನು.

ತೂಬಿನ ಹತ್ತಿರ ಮಾತ್ರ ಹೋಗಬೇಡಿ. ಬಾಗಿಲು ತೆರೆದಾಗ ನೀರು ಒಳಗೆ ಎಳೆಯುವ ಜೋರು ಮೇಲಿನಿಂದ ಕಾಣಲ್ಲ.

ಧಾರವಾಡ ಪೇಢೆ:
ಅಕ್ಕ, ಕಗ್ಗದ ಅಕ್ಕಿ ಈಗ ಎಲ್ಲಿ ಸಿಗುತ್ತೆ? ಅಮ್ಮನಿಗೆ ಬೇಕಿತ್ತು.

ಕುಮಟಾ ಕಡೆಯವಳು:
ಕುಮಟಾ ಸಂತೆಯಲ್ಲಿ ಕೇಳಿ ನೋಡಿ. ಬೆಳೆಯುವವರು ಕಮ್ಮಿ ಆಗ್ತಿದ್ದಾರೆ. ಮುಂದಿನ ತಿಂಗಳು ಊರಿಗೆ ಹೋಗ್ತೀನಿ, ಸಿಕ್ಕರೆ ತರ್ತೀನಿ.

ನವಲಗುಂದ ನೀರು:
ಎಲ್ಲರೂ ಮಾಂಡವಿ ಮಾಂಡವಿ ಅಂತೀರಿ. ನಮಗೆ ಅದು ಮಹದಾಯಿ. ಖಾನಾಪುರ ತಾಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟುತ್ತದೆ. ಅದರ ನೀರಿಗಾಗಿ ನಮ್ಮೂರಿನವರು 2015ರಿಂದ ಧರಣಿ ಕೂತರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಅಪ್ಪ ಆ ಪಂದಾಲಿನಲ್ಲಿ ಕೂತವರು. ನಾನು ಈಗ ಪಣಜಿಯಲ್ಲಿ ಕೆಲಸ ಮಾಡ್ತೀನಿ, ಸಂಜೆ ಅದೇ ನದಿ ಪಕ್ಕ ನಡೆದು ರೂಮಿಗೆ ಹೋಗ್ತೀನಿ. ಹೇಳಬೇಕು ಅನಿಸಿತು.

ಸಾಖಳಿ ಸೈಕಲ್:
ಇಲ್ಲಿಯ ಜನರಿಗೂ ಅದು ಅಷ್ಟೇ ಮುಖ್ಯ ಗೆಳೆಯ. ಮೇಲೆ ನೀರು ಕಮ್ಮಿ ಆದರೆ ಕೆಳಗೆ ಉಪ್ಪು ಇನ್ನೂ ಒಳಗೆ ಬರುತ್ತೆ ಅಂತ ಅವರ ಭಯ. ನನ್ನ ಹೆಂಡತಿ ಊರು ಸತ್ತರಿ. ಮನೆಯಲ್ಲಿ ಈ ಮಾತು ಬಂದರೆ ಊಟ ಆರಿಹೋಗುತ್ತೆ.

ನಿರ್ವಾಹಕ:
ಇಬ್ಬರ ಮಾತೂ ಮನಸ್ಸಿಗೆ ಮುಟ್ಟಿತು. ಮಹದಾಯಿಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಕಯಾಕ್.

ಹುಟ್ಟು ಹಾಕುವವನು:
ಪಯಣಿಗ ಅವರೇ, ದಿನದ ಬಗ್ಗೆ ಕೇಳಿದ್ದಿರಿ. 26 ಸೋಮವಾರ, ಗಣರಾಜ್ಯೋತ್ಸವದ ರಜೆ. ಅವತ್ತು ಅಷ್ಟಮಿ, ಏರಿಳಿತ ಸಣ್ಣದು. ಭರತದ ಹೊತ್ತೂ ತಿರುಗಿರುತ್ತದೆ. ಬೆಳಗಿನ ಜಾವ ತುಂಬಿ, ಮಧ್ಯಾಹ್ನದ ಹೊತ್ತಿಗೆ ಇಳಿದು, ಸಂಜೆ ಮತ್ತೆ ತುಂಬುತ್ತದೆ.

ಹಾಗಾಗಿ ನಿಮ್ಮ ಯೋಜನೆಯನ್ನು ತಿರುವಿ ಹಾಕಿ. ರಿಬಂದರ್ ಬೇಡ. ದಿವಾರ್‌ನ ಮೇಲಿನ ತುದಿ, ನಾರ್ವೆ ಅನ್ನುವ ಊರಿನ ಕಡೆಯಿಂದ ಏಳಕ್ಕೆ ಹೊರಡಿ. ಇಳಿತದ ಜೊತೆ ಕೆಳಗೆ ಬನ್ನಿ, ಆಗ ಗಾಳಿಯೂ ಇರುವುದಿಲ್ಲ. ಮಧ್ಯಾಹ್ನ ನೀರು ತಿರುಗಿದ ಮೇಲೆ ವಾಪಸ್ ಮೇಲಕ್ಕೆ. ಆಗ ಭರತವೂ ಬೆನ್ನಿಗೆ, ಸಮುದ್ರದ ಗಾಳಿಯೂ ಬೆನ್ನಿಗೆ. ಸುಸ್ತಾದ ಕೈಗೆ ಅಷ್ಟು ಸಹಾಯ ಬೇಕೇ ಬೇಕು.

ಇದು ನನ್ನ ಅಂದಾಜು. ಆ ದಿನದ ಭರತ ಪಟ್ಟಿ ತೆಗೆದು ನೋಡಿ. ಪಟ್ಟಿಯಲ್ಲಿರುವುದು ಬಂದರಿನ ಸಮಯ, ನದಿಯಲ್ಲಿ ಮೇಲಕ್ಕೆ ಹೋದಷ್ಟೂ ತಡ. ತಿರುಗುವ ಜಾಗ ಗುರುತು ಹಾಕಿಕೊಳ್ಳಬೇಡಿ, ತಿರುಗುವ ಹೊತ್ತು ಗುರುತು ಹಾಕಿಕೊಳ್ಳಿ. ಎರಡು ಗಂಟೆ ಕೆಳಗೆ ಬಂದಿರಿ, ಎಲ್ಲಿದ್ದೀರೋ ಅಲ್ಲೇ ದಂಡೆಗೆ ಬಂದು ಊಟ.

ಈಜು ಬಾರದವರ ಜೊತೆ ಬಲ್ಲವರೊಬ್ಬರನ್ನು ಜೋಡಿ ಕಯಾಕ್‌ನಲ್ಲಿ ಕೂರಿಸಿ. ಜಾಕೆಟ್ ಹಾಕಿಸಿ, ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಕಿವಿಯವರೆಗೆ ಬಂದರೆ ಅದು ಸಡಿಲ, ಬೇರೆ ಕೇಳಿ. ಹೊರಡುವ ಮೊದಲು ಸೊಂಟದುದ್ದ ನೀರಿನಲ್ಲಿ ಎಲ್ಲರೂ ಒಂದೊಂದು ಸಲ ಬೇಕಂತಲೇ ಮಗುಚಿ, ಮತ್ತೆ ಹತ್ತಲಿ. ಜೊತೆಗೆ ದಾರಿ ಗೊತ್ತಿರುವ ಸ್ಥಳೀಯರೊಬ್ಬರು ಇರಲಿ. ಇದರಲ್ಲಿ ಹಣ ಉಳಿಸಬೇಡಿ.

ಪರ್ವರಿಯ ಪಯಣಿಗ:
26ಕ್ಕೆ ಬದಲಾಯಿಸಿದೆವು. ಕಾಲುವೆ ಬಿಟ್ಟೆವು. 18ಕ್ಕೆ ಮಕ್ಕಳನ್ನು ಮಾಂಗೆ ಥಾಪಣಿಗೆ ಕರೆದುಕೊಂಡು ಹೋಗ್ತೀವಿ. ಮೇಷ್ಟ್ರೇ, ಯಾವ ಊರಿಗೆ ಬರಬೇಕು?

ಪೋಂಡಾ ಮೇಷ್ಟ್ರು:
ದುರ್ಭಾಟ್ ಕಡೆ ಬನ್ನಿ. ಮನೆಯವರ ಹತ್ತಿರ ಕೇಳಿಯೇ ಫೋಟೋ ತೆಗೆಯಿರಿ.

ಧಾರವಾಡ ಪೇಢೆ:
ಊಟಕ್ಕೆ ಏನು? ನನ್ನ ಸಲಹೆ ಚಪಾತಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅನ್ನ ಸಾರು ಬೇಡ, ಚೆಲ್ಲುತ್ತೆ. ಕೋಕಂ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ. ನೀರು ತಲೆಗೆ ಎರಡು ಲೀಟರ್ ಆದರೂ ಇರಲಿ.

ವಾಸ್ಕೋ ಅಣ್ಣ:
ಪ್ಲಾಸ್ಟಿಕ್ ವಾಪಸ್ ತನ್ನಿ. ಒಂದು ಖಾಲಿ ಗೋಣಿಚೀಲ ಜೊತೆಗಿರಲಿ.

ಪರ್ವರಿಯ ಪಯಣಿಗ:
ಹೋಗಿ ಬಂದೆವು! ಎಂಟೂ ಜನ ಕ್ಷೇಮ. ಕೈ ಎತ್ತಲು ಆಗ್ತಿಲ್ಲ, ಆದರೂ ಇವತ್ತೇ ಬರೆಯಬೇಕು ಅನಿಸಿತು.

ಏಳು ಕಾಲಿಗೆ ಹೊರಟೆವು. ನೀರಿನ ಮೇಲೆ ತೆಳ್ಳಗೆ ಮಂಜು. ಹುಟ್ಟು ಹಾಕದೇ ಇದ್ದರೂ ನದಿ ನಮ್ಮನ್ನು ಮೆಲ್ಲಗೆ ತೆಗೆದುಕೊಂಡು ಹೋಗುತ್ತಿತ್ತು. ಹೆಂಡತಿಗೆ ಈಜು ಬರಲ್ಲ, ಮೊದಲ ಅರ್ಧ ಗಂಟೆ ಕಯಾಕ್‌ನ ಅಂಚು ಬಿಡಲಿಲ್ಲ. ಆಮೇಲೆ ನೋಡಿದರೆ ಅವಳೇ ಮುಂದೆ. ಗೂಟಕ್ಕೆ ಬಲೆ ಕಟ್ಟುತ್ತಿದ್ದ ಅಜ್ಜ ಒಬ್ಬರು ಕೈ ಬೀಸಿ ಬಲೆ ಯಾವ ಕಡೆ ಇದೆ ಅಂತ ತೋರಿಸಿದರು. ನಾವು ಸುತ್ತಿ ಬಂದೆವು.

ಒಂಬತ್ತೂವರೆಗೆ ದಂಡೆಗೆ ಬಂದೆವು. ಮಕ್ಕಳಿಗೆ ಕೆಸರು ಮೀನು ಸಿಕ್ಕವು, ಒಂದು ಗಂಟೆ ಅಲ್ಲಿಂದ ಏಳಲಿಲ್ಲ. ನೀರು ತಿರುಗುವುದನ್ನು ಕಣ್ಣಾರೆ ನೋಡಿದೆ. ತೇಲುತ್ತಾ ಕೆಳಗೆ ಹೋಗುತ್ತಿದ್ದ ತೆಂಗಿನ ಸಿಪ್ಪೆಯೊಂದು ನಿಂತಿತು. ಸ್ವಲ್ಪ ಹೊತ್ತು ನಿಂತಲ್ಲೇ ತಿರುಗಿತು. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹೊರಟಿತು. ಮಗಳು "ಅಪ್ಪಾ, ಈಗ ನಾವೂ ಹೊರಡೋಣ" ಅಂದಳು.

ಬರುವಾಗ ಗಾಳಿ ಬೆನ್ನಿಗೆ ಇತ್ತು. ತಮ್ಮ ಒಮ್ಮೆ ಮಗುಚಿದ. ಬೆಳಿಗ್ಗೆ ಕಲಿತದ್ದರಿಂದ ತಾನೇ ಹತ್ತಿದ. ಒಂದು ಕಾಂಡ್ಲಾ ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿತ್ತು, ನಾವು ತೀರಾ ಹತ್ತಿರ ಹೋದರೂ ಹಾರಲಿಲ್ಲ.

ಹಕ್ಕಿ ನೋಟ:
ಆ ಮಿಂಚುಳ್ಳಿಯ ಕತ್ತಿನ ಸುತ್ತ ಬಿಳಿ ಪಟ್ಟಿ ಇತ್ತಾ? ಎದೆ, ಹೊಟ್ಟೆ ಪೂರಾ ಬಿಳಿಯಾ? ಚೆನ್ನಾಗಿ ನೆನಪು ಮಾಡಿ ಹೇಳಿ, ಹೆಚ್ಚಾಗಿ ಕಾಂಡ್ಲಾ ಕಾಡಿನಲ್ಲೇ ಸಿಗುವ ಜಾತಿ ಇರಬಹುದು.

ಪರ್ವರಿಯ ಪಯಣಿಗ:
ಇತ್ತು. ಬೆನ್ನು ನೀಲಿ ಹಸಿರು, ಕತ್ತಿಗೆ ಬಿಳಿ ಮಫ್ಲರ್ ಸುತ್ತಿದ ಹಾಗೆ. ಫೋಟೋ ಇಲ್ಲ, ಫೋನು ಚೀಲದೊಳಗಿತ್ತು.

ಹಕ್ಕಿ ನೋಟ:
ಯಾವ ದಂಡೆ? ಎಷ್ಟು ಗಂಟೆಗೆ? ಮುಂದಿನ ಅಷ್ಟಮಿಗೆ ನಾನೂ ಬರ್ತೀನಿ.